ಉಪ್ಪುನೀರಿನ ಚಿಕ್ಕ ಬಾಟಲಿ

ಮಾವಿನಕಾಯಿ ಬಲಿಯುವ ಹೊತ್ತಿಗೆ ನಿಪ್ಪಾಣಿಯ ಮನೆಗಳಲ್ಲಿ ಭರಣಿಗಳು ಅಟ್ಟದಿಂದ ಕೆಳಗೆ ಇಳಿಯುತ್ತವೆ. ಸಂತೆಯಿಂದ ತಂದ ಕಾಯಿಯನ್ನು ತೊಳೆದು, ಪಸೆ ಇಲ್ಲದಂತೆ ಒರೆಸಿ, ಹೆಚ್ಚಿ, ಹರಳುಪ್ಪು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟರೆ ಒಂದೆರಡು ದಿನದಲ್ಲಿ ಭರಣಿಯ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿರುತ್ತದೆ. ಹೊರಗಿನಿಂದ ಯಾರೂ ಹನಿ ನೀರು ಹಾಕಿಲ್ಲ. ಹಾಕಲು ಹೋದರೆ ಅಜ್ಜಿ ಸುಮ್ಮನಿದ್ದಾಳೆಯೇ? ಹೋಳುಗಳ ಒಳಗಿದ್ದ ನೀರನ್ನೇ ಉಪ್ಪು ಹೊರಕ್ಕೆ ಎಳೆದಿದೆ. ಒಂಬತ್ತನೆಯ ಇಯತ್ತೆಯ ಮಕ್ಕಳು ಇದನ್ನೇ ಆಲೂಗಡ್ಡೆಯ ತುಂಡಿನಲ್ಲಿ ಮಾಡಿ ನೋಡುತ್ತಾರೆ, ‘ಅಭಿಸರಣೆ’ ಎಂದು ತಲೆಬರಹ ಕೊಟ್ಟು ಚಿತ್ರ ಬಿಡಿಸುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ.

ಅಡುಗೆಮನೆಯ ಈ ಕೆಲಸವನ್ನೇ ಮನುಷ್ಯನ ರಕ್ತನಾಳದಲ್ಲಿ ಮಾಡಿದರೆ ಹೇಗೆ ಎಂದು ವೈದ್ಯರು ಯೋಚಿಸಿದ್ದುಂಟು. ರಕ್ತ ಸುರಿದು ಪ್ರಾಣ ಹೋಗುವ ಹಂತದಲ್ಲಿರುವವನಿಗೆ ಬಹಳ ಉಪ್ಪಾದ ನೀರನ್ನು ಸ್ವಲ್ಪವೇ ಕೊಟ್ಟು, ಅವನ ದೇಹದ ನೀರನ್ನೇ ರಕ್ತಕ್ಕೆ ಎಳೆದುಕೊಳ್ಳುವ ಯೋಚನೆ ಅದು. ಚೆಲುವಾದ ಯೋಚನೆ. ಅದರ ಗತಿ ಏನಾಯಿತು ಎಂಬುದನ್ನು ಹೆದ್ದಾರಿಯ ಬದಿಯ ಊರಿನವರಂತೂ ತಿಳಿದಿರಬೇಕು.

ನಿಪ್ಪಾಣಿ ಅಂಥ ಊರು. ಪುಣೆ–ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಹಾದುಹೋಗಿದೆ. ಹಳಬರಿಗೆ ಅದು ಇನ್ನೂ ನಾಲ್ಕನೆಯ ನಂಬರಿನ ರಸ್ತೆ. ಸರ್ಕಾರದ ಲೆಕ್ಕದಲ್ಲಿ ಈಗ 48. ಊರು ದಾಟಿ ಬೆಳಗಾವಿಯ ಕಡೆ ಹೊರಟರೆ ಸ್ತವನಿಧಿಯ ಬಳಿ ತವಂದಿ ಘಾಟು. ಭಾರ ಹೊತ್ತ ಲಾರಿಗಳು ಇಳಿಜಾರಿನಲ್ಲಿ ಬ್ರೇಕು ಒತ್ತಿ ಒತ್ತಿ ಕಾಯಿಸುವ ವಾಸನೆ ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಅಪಾಯ. ಹಿಂದೆ ದೀಪವಿಲ್ಲದ, ಹೊಳೆಯುವ ಪಟ್ಟಿಯೂ ಇಲ್ಲದ ಟ್ರಾಲಿಗಳು ಕತ್ತಲಲ್ಲಿ ಗುಡ್ಡದಂತೆ ನಿಂತಿರುತ್ತವೆ. ಎದುರಿನ ವಾಹನದ ಬೆಳಕಿಗೆ ಕಣ್ಣು ಕಟ್ಟಿದ ಬೈಕ್ ಸವಾರನಿಗೆ ಅದು ಕಾಣುವುದು ತೀರ ಹತ್ತಿರ ಬಂದಾಗ.

ಬಿದ್ದವನನ್ನು ಎತ್ತಿ ಎಲ್ಲಿಗೆ ಒಯ್ಯಬೇಕು? ಉತ್ತರಕ್ಕೆ ಸುಮಾರು 40 ಕಿಲೋಮೀಟರು ಹೋದರೆ ಕೊಲ್ಲಾಪುರ, ದಕ್ಷಿಣಕ್ಕೆ ಸುಮಾರು 75 ಕಿಲೋಮೀಟರು ಹೋದರೆ ಬೆಳಗಾವಿ. ಒಂದು ಕಡೆ ಹತ್ತಿರ, ಇನ್ನೊಂದು ಕಡೆ ಪರಿಚಯದವರು. ಒಂದು ಕಡೆ ಬೇರೆ ರಾಜ್ಯ, ಇನ್ನೊಂದು ಕಡೆ ನಮ್ಮ ಜಿಲ್ಲಾಕೇಂದ್ರ. ಈ ಚರ್ಚೆಗೆ ಹೋಗುವ ಹತ್ತು ನಿಮಿಷವೂ ರಕ್ತದ ಲೆಕ್ಕದಲ್ಲಿ ಬಹಳ ದುಬಾರಿ. ಅದರ ನಡುವೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ. ಕನ್ನಡದವರು ‘ಮೊದಲ ಸಲಾಯಿನ್ ಹಚ್ಚರಿ’ ಎನ್ನುತ್ತಾರೆ, ಮರಾಠಿಯವರು ‘ಸಲಾಯಿನ್ ಲಾವಾ’ ಎನ್ನುತ್ತಾರೆ. ಗಡಿಯ ಎರಡೂ ಭಾಷೆಗಳು ಜಗಳವಿಲ್ಲದೆ ಒಪ್ಪಿಕೊಂಡ ಕೆಲವೇ ಸಂಗತಿಗಳಲ್ಲಿ ಸಲಾಯಿನ್ ಬಾಟಲಿಯೂ ಒಂದು! ಜ್ವರವಿರಲಿ, ಸುಸ್ತಿರಲಿ, ಬಾಟಲಿ ನೇತುಬಿದ್ದರೆ ಚಿಕಿತ್ಸೆ ಆಯಿತೆಂಬ ಸಮಾಧಾನ ನಮ್ಮ ಜನಕ್ಕೆ.

ಹಾಗಾದರೆ ಆ ಬಾಟಲಿಯಲ್ಲಿ ಏನಿದೆ? ಒಂದು ಲೀಟರು ಶುದ್ಧ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಚಹಾ ಚಮಚ. ನೂರಕ್ಕೆ 0.9. ಈ ಪ್ರಮಾಣಕ್ಕೆ ಕಾರಣವಿದೆ. ಬರೀ ನೀರನ್ನು ರಕ್ತಕ್ಕೆ ಬಿಟ್ಟರೆ ಕೆಂಪು ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ. ಉಪ್ಪು ಹೆಚ್ಚಾದರೆ ನೀರು ಕಳೆದುಕೊಂಡು ಒಣದ್ರಾಕ್ಷಿಯಂತೆ ಸುಕ್ಕಾಗುತ್ತವೆ. ಎರಡೂ ಆಗದ ಪ್ರಮಾಣವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಂಪು ಕಣಗಳನ್ನೇ ಪರೀಕ್ಷಿಸಿ ಗೊತ್ತುಮಾಡಿದವನು ಹ್ಯಾಂಬರ್ಗರ್ ಎಂಬ ಡಚ್ ವಿಜ್ಞಾನಿ. ಹೆಸರು ಕೇಳಿ ಈಗಿನ ಮಕ್ಕಳು ನಗುತ್ತಾರೆ. ನಗಲಿ, ಹಾಗಾದರೂ ನೆನಪಿರುತ್ತದೆ.

ಆದರೆ ಉಪ್ಪುನೀರು ನಾಳಕ್ಕೆ ಹೋದದ್ದು ಅದಕ್ಕೂ ಮುಂಚೆ, ಕಾಲರಾ ರೋಗಿಗಳಿಗೆ. 1831ರಲ್ಲಿ ಕಾಲರಾ ಇಂಗ್ಲೆಂಡಿಗೆ ಕಾಲಿಟ್ಟಾಗ ವಿಲಿಯಂ ಬ್ರೂಕ್ ಓಶಾಗ್ನೆಸಿ ಎಂಬ 22ರ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕಡಿಮೆಯಾಗಿವೆ, ಅವನ್ನು ಮರಳಿ ತುಂಬಬೇಕು ಎಂದು ಹೇಳಿದ. (ಈತನೇ ಮುಂದೆ ಕಲ್ಕತ್ತೆಗೆ ಬಂದು ವೈದ್ಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ; 1850ರ ದಶಕದಲ್ಲಿ ಭಾರತಕ್ಕೆ ತಂತಿ ಕಂಬಗಳನ್ನು ನೆಡಿಸಿದವನೂ ಇವನೇ.) ಹೇಳಿದ್ದನ್ನು ಮಾಡಿ ತೋರಿಸಿದವನು ಸ್ಕಾಟ್ಲೆಂಡಿನ ಲೀತ್ ಬಂದರಿನ ವೈದ್ಯ ಥಾಮಸ್ ಲಟ್ಟಾ. 1832ರಲ್ಲಿ ಅವನ ಮೊದಲ ರೋಗಿ ಒಬ್ಬ ಮುದುಕಿ. ನಾಡಿ ಸಿಗುತ್ತಿರಲಿಲ್ಲ, ಕಣ್ಣು ಗುಳಿಬಿದ್ದಿದ್ದವು. ಲಟ್ಟಾ ಅವಳ ನಾಳಕ್ಕೆ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ಹರಿಸುತ್ತ ಪಕ್ಕದಲ್ಲೇ ಕುಳಿತ. ಮೂರು ಲೀಟರಿಗಿಂತ ಹೆಚ್ಚು ಹೋಗುವಷ್ಟರಲ್ಲಿ ಮುದುಕಿಯ ಕೈಕಾಲು ಬೆಚ್ಚಗಾದವು, ನಾಡಿ ಬಂತು, ಮಾತು ಬಂತು. ಲಟ್ಟಾ ಅವಳನ್ನು ಕಿರಿಯ ವೈದ್ಯನ ಕೈಗೆ ಒಪ್ಪಿಸಿ ಹೊರಟ. ವಾಂತಿಭೇದಿ ಮತ್ತೆ ಶುರುವಾಯಿತು, ನೀರು ಮತ್ತೆ ತುಂಬಲಿಲ್ಲ, ಐದೂವರೆ ಗಂಟೆಯಲ್ಲಿ ಮುದುಕಿ ತೀರಿಕೊಂಡಳು.

ತುಂಬುವುದು ಒಂದು ಕೆಲಸ, ಸೋರುವುದನ್ನು ನೋಡಿಕೊಳ್ಳುವುದು ಇನ್ನೊಂದು ಕೆಲಸ. ಆ ಮುದುಕಿಯ ಹಾಸಿಗೆಯ ಪಕ್ಕದಲ್ಲಿ ಎದ್ದ ಈ ಪ್ರಶ್ನೆ ಮುಂದಿನ ನೂರೆಂಬತ್ತು ವರ್ಷ ವೈದ್ಯರನ್ನು ಬಿಡಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ ಲಿಯೊನಾರ್ಡ್ ರೋಜರ್ಸ್ ಎಂಬ ವೈದ್ಯ ಕಾಲರಾ ರೋಗಿಗಳಿಗೆ ರಕ್ತಕ್ಕಿಂತ ತುಸು ಹೆಚ್ಚು ಉಪ್ಪಾದ ನೀರು ಕೊಟ್ಟು ಸಾವಿನ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಿದ. ಗಾಢ ಉಪ್ಪುನೀರಿನ ಚಿಕಿತ್ಸೆಯ ಮೊದಲ ದೊಡ್ಡ ಗೆಲುವು ಹೀಗೆ ನಮ್ಮ ದೇಶದಲ್ಲೇ ಆಯಿತು. ಆದರೆ ಕಾಲರಾದಲ್ಲಿ ಹೋಗುವುದು ನೀರು ಮತ್ತು ಉಪ್ಪು. ಅಪಘಾತದಲ್ಲಿ ಹೋಗುವುದು ರಕ್ತ. ಈ ಅಂತರ ಚಿಕ್ಕದಲ್ಲ.

ಇಲ್ಲಿ ‘ಷಾಕ್’ ಎಂಬ ಮಾತನ್ನು ಬಿಡಿಸಿ ಹೇಳಬೇಕು. ಕೆಟ್ಟ ಸುದ್ದಿ ಕೇಳಿ ಕುಸಿದು ಕುಳಿತರೆ ಜನ ಷಾಕ್ ಎನ್ನುತ್ತಾರೆ, ಮೋಟರಿನ ವೈರು ಮುಟ್ಟಿದರೂ ಷಾಕ್ ಎನ್ನುತ್ತಾರೆ. ವೈದ್ಯರ ಷಾಕ್ ಬೇರೆ. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿದೆ. ಅದರಲ್ಲಿ ಒಂದೂವರೆ–ಎರಡು ಲೀಟರು ಹೊರಟುಹೋದರೆ ಉಳಿದದ್ದು ಮಿದುಳು, ಮೂತ್ರಪಿಂಡ, ಹೃದಯಗಳಿಗೆ ಸಾಕಾಗುವುದಿಲ್ಲ. ಚರ್ಮ ತಣ್ಣಗಾಗಿ ಬೆವರುತ್ತದೆ, ನಾಡಿ ವೇಗವಾಗಿಯೂ ತೆಳುವಾಗಿಯೂ ಹೊಡೆಯುತ್ತದೆ, ಗಾಯಾಳು ನೀರು ನೀರು ಎನ್ನುತ್ತಾನೆ, ಆಮೇಲೆ ಮಾತು ತೊದಲುತ್ತದೆ. ಅಂಗಗಳಿಗೆ ಆಮ್ಲಜನಕ ಮುಟ್ಟದ ಈ ಸ್ಥಿತಿಯೇ ಷಾಕ್. ರಕ್ತವೆಲ್ಲ ಹೊರಗೆ ಕಾಣಲೇಬೇಕೆಂದಿಲ್ಲ. ಹೊಟ್ಟೆಯೊಳಗೆ, ಮುರಿದ ತೊಡೆಯೊಳಗೆ ಲೀಟರುಗಟ್ಟಲೆ ಸೇರಿಕೊಳ್ಳಬಹುದು.

ಅಂಥವನಿಗೆ ಸಾಮಾನ್ಯ ಸಲಾಯಿನ್ ಒಂದು ಲೀಟರು ಕೊಟ್ಟರೆ ಗಂಟೆಯ ಹೊತ್ತಿಗೆ ರಕ್ತನಾಳದಲ್ಲಿ ಉಳಿಯುವುದು ಸುಮಾರು ಕಾಲು ಲೀಟರು ಮಾತ್ರ. ಉಳಿದದ್ದು ನಾಳದ ಗೋಡೆ ದಾಟಿ ಕಣಗಳ ಸುತ್ತಲಿನ ಜಾಗಕ್ಕೆ ಇಳಿದುಹೋಗುತ್ತದೆ. ಆಮೇಲೆ ಮೈ ಊದಿಕೊಳ್ಳುತ್ತದೆ. ಅಂದಮೇಲೆ ಲೀಟರುಗಟ್ಟಲೆ ಸುರಿಯಬೇಕು. ಅಲುಗಾಡುವ ಆಂಬುಲೆನ್ಸಿನಲ್ಲಿ ಅದು ಸುಲಭವಲ್ಲ. ಯುದ್ಧಭೂಮಿಯಲ್ಲಿ ಸೈನಿಕನ ಬೆನ್ನಿಗೆ ಹತ್ತು ಲೀಟರು ನೀರು ಹೇರುವುದಂತೂ ಆಗದ ಮಾತು.

1980ರಲ್ಲಿ ಬ್ರೆಜಿಲಿನ ಸಾವೊ ಪಾಲೊ ನಗರದಿಂದ ಹೊಸ ಸುದ್ದಿ ಬಂತು. ವೆಲಾಸ್ಕೊ, ರೋಚಾ ಎ ಸಿಲ್ವಾ ಮತ್ತು ಅವರ ಸಂಗಡಿಗರು ರಕ್ತ ಕಳೆದುಕೊಂಡ ನಾಯಿಗಳಿಗೆ ನೂರಕ್ಕೆ 7.5ರಷ್ಟು ಉಪ್ಪಿರುವ ನೀರನ್ನು, ಹೋದ ರಕ್ತದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಕೊಟ್ಟರು. ಅವು ಬದುಕಿದವು. ಅಷ್ಟೇ ಪ್ರಮಾಣದ ಸಾಮಾನ್ಯ ಸಲಾಯಿನ್ ಪಡೆದವು ಸತ್ತವು. ಅದೇ ವರ್ಷ, ಬೇರೆ ಯಾವ ಚಿಕಿತ್ಸೆಗೂ ಚೇತರಿಸದ 12 ರೋಗಿಗಳಿಗೆ ಅಲ್ಲಿನ ವೈದ್ಯರು ಇದನ್ನು ಕೊಟ್ಟಾಗ ರಕ್ತದೊತ್ತಡ ಏರಿತು, ನಿಂತಿದ್ದ ಮೂತ್ರ ಹರಿಯಿತು, ಪ್ರಜ್ಞೆ ಮರಳಿತು ಎಂದು ವರದಿಯಾಯಿತು.

ಇದರ ಲೆಕ್ಕವನ್ನು ಮಕ್ಕಳು ತಾವೇ ಮಾಡಬಹುದು. 7.5 ಎಂದರೆ ಸಮುದ್ರದ ನೀರಿಗಿಂತ ಇಮ್ಮಡಿ ಉಪ್ಪು. ಒಂದು ದೊಡ್ಡ ಲೋಟದಷ್ಟು, 250 ಮಿಲಿಲೀಟರಿನಲ್ಲಿ 18.75 ಗ್ರಾಂ. ಅದನ್ನು 9ರಿಂದ ಭಾಗಿಸಿದರೆ 2ಕ್ಕಿಂತ ತುಸು ಹೆಚ್ಚು ಬರುತ್ತದೆ. ಅಂದರೆ ಎರಡು ಲೀಟರು ಸಲಾಯಿನ್ನಿನ ಉಪ್ಪು ಒಂದು ಲೋಟದಲ್ಲಿ! ನೀರು ಎಲ್ಲಿಂದ ಬರಬೇಕು? ಭರಣಿಯಲ್ಲಿ ಬಂದಂತೆಯೇ. ವಯಸ್ಕನ ದೇಹದ ಸುಮಾರು 40 ಲೀಟರು ನೀರಿನಲ್ಲಿ 25 ಲೀಟರಿನಷ್ಟು ಕಣಗಳ ಒಳಗೇ ಇದೆ. ರಕ್ತ ಉಪ್ಪಾದೊಡನೆ ಆ ನೀರು ನಾಳದ ಕಡೆ ಹರಿಯುತ್ತದೆ. ಮನುಷ್ಯ ತನಗೆ ತಾನೇ ನೀರು ಸಾಲ ಕೊಟ್ಟುಕೊಂಡಂತೆ. ಊದಿಕೊಂಡ ಮಿದುಳಿನಿಂದಲೂ ನೀರು ಹೊರಬಂದು ತಲೆಬುರುಡೆಯೊಳಗಿನ ಒತ್ತಡ ಇಳಿಯುತ್ತದೆ; ತಲೆಗೆ ಪೆಟ್ಟಾದವನಿಗೆ ಅದು ಇನ್ನೊಂದು ಲಾಭ. ಎಳೆದ ನೀರು ನಾಳದಲ್ಲೇ ನಿಲ್ಲಲೆಂದು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವನ್ನೂ ಸೇರಿಸಿದ ಬಾಟಲಿಗಳು ಬಂದವು. ಚಿಕ್ಕ ಬಾಟಲಿ, ಎರಡು ನಿಮಿಷದ ಕೆಲಸ, ಏರುವ ಒತ್ತಡ. ಇನ್ನೇನು ಬೇಕು?

ಬೇಕಾಗಿದ್ದದ್ದು ಸರಿಯಾದ ಪರೀಕ್ಷೆ. ‘ಒತ್ತಡ ಏರಿತು’ ಎಂಬುದೂ ‘ರೋಗಿ ಬದುಕಿದ’ ಎಂಬುದೂ ಒಂದೇ ಅಲ್ಲ. ಮೊದಲನೆಯದನ್ನು ಹತ್ತು ನಿಮಿಷದಲ್ಲಿ ಯಂತ್ರ ತೋರಿಸುತ್ತದೆ. ಎರಡನೆಯದಕ್ಕೆ ತಿಂಗಳು ಕಾಯಬೇಕು, ನೂರಾರು ಜನರನ್ನು ಎಣಿಸಬೇಕು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ತಲೆಗೆ ತೀವ್ರ ಪೆಟ್ಟಾಗಿ ರಕ್ತದೊತ್ತಡ ಕುಸಿದ 229 ಮಂದಿಗೆ ಆಂಬುಲೆನ್ಸಿನಲ್ಲೇ ಬಾಟಲಿ ಹಚ್ಚಿ ನೋಡಿದರು. 2004ರಲ್ಲಿ ಫಲಿತಾಂಶ ಬಂತು: ಆರು ತಿಂಗಳ ನಂತರ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. 2006ರಲ್ಲಿ ಅಮೆರಿಕ ಮತ್ತು ಕೆನಡಾದ ಹಲವು ನಗರಗಳು ಒಟ್ಟಾಗಿ ಇನ್ನೂ ದೊಡ್ಡ ಪರೀಕ್ಷೆಗೆ ಇಳಿದವು. ಮೂರು ಬಗೆಯ ಚೀಲಗಳು: ಗಾಢ ಉಪ್ಪುನೀರು, ಡೆಕ್ಸ್‌ಟ್ರಾನ್ ಬೆರೆಸಿದ ಗಾಢ ಉಪ್ಪುನೀರು, ಸಾಮಾನ್ಯ ಸಲಾಯಿನ್. ಹೊರಗಿನಿಂದ ನೋಡಲು ಎಲ್ಲವೂ ಒಂದೇ. ಯಾರಿಗೆ ಯಾವುದು ಹೋಯಿತೆಂದು ಕೊಟ್ಟವನಿಗೂ ಗೊತ್ತಿಲ್ಲ, ಪಡೆದವನಿಗೂ ಗೊತ್ತಿಲ್ಲ. ಗೊತ್ತಿದ್ದರೆ ‘ಹೊಸ ಔಷಧ ಪಡೆದವನು ಚೇತರಿಸಿದಂತೆ ಕಾಣುತ್ತಾನೆ’ ಎಂದು ಮನಸ್ಸು ತಾನಾಗಿಯೇ ಅಂಕ ಹೆಚ್ಚು ಕೊಟ್ಟುಬಿಡುತ್ತದೆ. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ನಂಬರು ಬರೆಸುವುದು ಇದಕ್ಕೇ ಅಲ್ಲವೇ?

ಷಾಕ್ ರೋಗಿಗಳ ವಿಭಾಗವನ್ನು 2008ರಲ್ಲೇ ನಿಲ್ಲಿಸಬೇಕಾಯಿತು. 853 ರೋಗಿಗಳ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 28 ದಿನಗಳ ನಂತರ ಬದುಕಿದ್ದವರು ಮೂರೂ ಗುಂಪುಗಳಲ್ಲಿ ನೂರಕ್ಕೆ 73ರಿಂದ 75. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಲೆಗೆ ಪೆಟ್ಟಾದ 1282 ಮಂದಿಯ ಫಲಿತಾಂಶ 2010ರಲ್ಲೇ ಬಂದಿತ್ತು. ಅಲ್ಲೂ ಆರು ತಿಂಗಳ ನಂತರ ವ್ಯತ್ಯಾಸವಿಲ್ಲ. ಎಚ್ಚರ ಹುಟ್ಟಿಸಿದ ಅಂಶವೂ ಒಂದಿತ್ತು. ಮೊದಲ 24 ಗಂಟೆಯಲ್ಲಿ ರಕ್ತ ಪಡೆಯದವರಲ್ಲಿ ಗಾಢ ಉಪ್ಪುನೀರು ಪಡೆದವರ ಸಾವೇ ಹೆಚ್ಚು. ಬಾಟಲಿಯಿಂದ ಒತ್ತಡ ಚೆನ್ನಾಗಿ ಕಂಡು, ಒಳಗಿನ ರಕ್ತಸ್ರಾವ ಬೇಗ ಗಮನಕ್ಕೆ ಬರಲಿಲ್ಲವೇ, ರಕ್ತ ಕೊಡುವುದು ತಡವಾಯಿತೇ ಎಂಬ ಅನುಮಾನವನ್ನು ಸಂಶೋಧಕರೇ ಮುಂದಿಟ್ಟರು.

ನಾಯಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಏಕೆ ಗೆಲ್ಲಲಿಲ್ಲ? ಪ್ರಯೋಗಾಲಯದಲ್ಲಿ ರಕ್ತವನ್ನು ಅಳತೆ ಮಾಡಿ ತೆಗೆದು ನಳಿಗೆಯನ್ನು ಮುಚ್ಚುತ್ತಾರೆ. ಘಾಟಿನಲ್ಲಿ ಬಿದ್ದವನ ನಳಿಗೆಯನ್ನು ಮುಚ್ಚುವವರು ಯಾರು? ತಳದಲ್ಲಿ ತೂತಿರುವ ಕೊಡಕ್ಕೆ ಜೋರಾಗಿ ನೀರು ಬಿಟ್ಟರೆ ತೂತಿನಿಂದಲೂ ಜೋರಾಗಿಯೇ ಹೋಗುತ್ತದೆ. ಗಾಯದ ಬಾಯಲ್ಲಿ ಹೆಪ್ಪುಗಟ್ಟಲು ತೊಡಗಿದ ಎಳೆಯ ರಕ್ತ ಏರಿದ ಒತ್ತಡಕ್ಕೆ ಕಿತ್ತುಹೋಗಬಹುದು. ಹೆಪ್ಪುಗಟ್ಟಿಸುವ ಅಂಶಗಳೂ ತೆಳ್ಳಗಾಗುತ್ತವೆ. ಉಪ್ಪುನೀರು ಆಮ್ಲಜನಕವನ್ನೂ ಹೊರುವುದಿಲ್ಲ. ಅಮೆರಿಕದ ವಾಲ್ಟರ್ ಕ್ಯಾನನ್ ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡಿ 1918ರಲ್ಲೇ ಎಚ್ಚರಿಸಿದ್ದ: ರಕ್ತ ನಿಲ್ಲಿಸುವ ಶಸ್ತ್ರವೈದ್ಯ ಸಿದ್ಧವಾಗುವ ಮೊದಲೇ ಒತ್ತಡ ಏರಿಸಿದರೆ ಉಳಿದ ರಕ್ತವೂ ಹೋದೀತು ಎಂದು. ಕೇಳಿಸಿಕೊಂಡವರು ಕಡಿಮೆ. 1994ರಲ್ಲಿ ಹ್ಯೂಸ್ಟನ್ ನಗರದ ವೈದ್ಯರು, ಎದೆ–ಹೊಟ್ಟೆಗೆ ಗುಂಡು ಅಥವಾ ಚಾಕುವಿನ ಗಾಯವಾದ 598 ಮಂದಿಯಲ್ಲಿ ಇದನ್ನು ಲೆಕ್ಕಹಾಕಿ ತೋರಿಸಿದರು. ದಾರಿಯಲ್ಲೇ ದ್ರವ ಪಡೆದವರಲ್ಲಿ ನೂರಕ್ಕೆ 62, ಶಸ್ತ್ರಕ್ರಿಯೆಯ ಮೇಜು ಮುಟ್ಟುವ ತನಕ ಪಡೆಯದವರಲ್ಲಿ 70 ಮಂದಿ ಬದುಕಿದರು. ಹಾಗೆಂದು ಇದನ್ನು ಎಲ್ಲರಿಗೂ ಹಚ್ಚುವಂತಿಲ್ಲ. ತಲೆಗೆ ಪೆಟ್ಟಾದವನ ರಕ್ತದೊತ್ತಡ ಇಳಿಯಲು ಬಿಟ್ಟರೆ ಮಿದುಳು ಕೆಡುತ್ತದೆ. ಯಾರಿಗೆ ಎಷ್ಟು ಎಂಬುದು ನೋಡಿದ ವೈದ್ಯರ ತೀರ್ಮಾನ. ‘ಸಲಾಯಿನ್ ಯಾಕೆ ಹಚ್ಚಲಿಲ್ಲ’ ಎಂದು ದವಾಖಾನೆಯ ಬಾಗಿಲಲ್ಲಿ ಜಗಳ ತೆಗೆಯುವವರು ಇದನ್ನೊಮ್ಮೆ ಯೋಚಿಸಬೇಕು.

ಹಾಗಾದರೆ ಉಪಯೋಗಕ್ಕೆ ಬಂದದ್ದು ಯಾವುದು? ತೂತು ಮುಚ್ಚುವ ದಾರಿಯಲ್ಲಿ ಹೊರಟದ್ದು. ಜಪಾನಿನ ಉಟಾಕೊ ಒಕಾಮೊಟೊ ಎಂಬ ಮಹಿಳಾ ವಿಜ್ಞಾನಿ ತಮ್ಮ ಪತಿಯೊಂದಿಗೆ 1962ರಲ್ಲಿ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧವನ್ನು ಪ್ರಕಟಿಸಿದ್ದರು. ಗಟ್ಟಿಯಾದ ಹೆಪ್ಪು ಕರಗದಂತೆ ಅದು ತಡೆಯುತ್ತದೆ. 2010ರಲ್ಲಿ, ಭಾರತವೂ ಸೇರಿ 40 ದೇಶಗಳ 20,211 ಗಾಯಾಳುಗಳಲ್ಲಿ ನಡೆದ ಪರೀಕ್ಷೆಯಲ್ಲಿ ಸಾವು ನೂರಕ್ಕೆ 16ರಿಂದ 14.5ಕ್ಕೆ ಇಳಿಯಿತು. ಒಂದೂವರೆ ಎಂದರೆ ಚಿಕ್ಕದೆನಿಸಬಹುದು. ಸಾವಿರ ಗಾಯಾಳುಗಳಲ್ಲಿ ಹದಿನೈದು ಮನೆಗಳ ದೀಪ ಅದು. ಔಷಧ ಅಗ್ಗದ್ದು. ಆದರೆ ಪೆಟ್ಟಾದ ಮೂರು ಗಂಟೆಯೊಳಗೆ ಹೋಗಬೇಕು, ಬೇಗನೆ ಹೋದಷ್ಟೂ ಒಳ್ಳೆಯದು. ಅದರ ಜೊತೆಗೆ ಬೇಕಾದದ್ದು ರಕ್ತ. ಅದು ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ, ಯಾರೋ ಮೊದಲೇ ಕೊಟ್ಟಿಟ್ಟಿರಬೇಕು.

ಇನ್ನು ರಸ್ತೆಯ ಬದಿಯ ಕೆಲಸ. ಅದಕ್ಕೆ ಬಾಟಲಿಯೂ ಬೇಡ, ಸೂಜಿಯೂ ಬೇಡ. ರಕ್ತ ಚಿಮ್ಮುವ ಜಾಗದ ಮೇಲೆ ಶುಚಿಯಾದ ಬಟ್ಟೆ ಇಟ್ಟು ಅಂಗೈಯಿಂದ ಬಲವಾಗಿ, ಬಿಡದೆ ಒತ್ತಿ ಹಿಡಿಯುವುದು. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಮೈಗೆ ಚಾದರ ಹೊದಿಸುವುದು, ಏಕೆಂದರೆ ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಈ ಲೇಖನ ಓದಿದ ಜಾಣ ಹುಡುಗನೊಬ್ಬ ಉಪ್ಪುನೀರು ಕಲಸಿ ಗಾಯಾಳುವಿನ ಬಾಯಿಗೆ ಹಾಕಲು ಹೋಗಬಾರದು; ವಾಂತಿಯಾಗಿ ಶ್ವಾಸನಾಳಕ್ಕೆ ಹೋದರೆ ಅದೇ ಸಾವಿಗೆ ದಾರಿ. 108ಕ್ಕೆ ಫೋನು ಮಾಡುವುದು. ಕರ್ನಾಟಕದಲ್ಲಿ ಆ ಸೇವೆ 2008ರಲ್ಲಿ ಬಂತು, ಗಡಿಯಾಚೆ ಮಹಾರಾಷ್ಟ್ರದಲ್ಲೂ 2014ರಲ್ಲಿ ಅದೇ ನಂಬರು ಬಂತು.

ಇದೇ ಹೆದ್ದಾರಿಯ ಇನ್ನೊಂದು ತುದಿಯಲ್ಲಿ, ನೆಲಮಂಗಲದ ಬಳಿ, 2016ರ ಫೆಬ್ರುವರಿಯಲ್ಲಿ ಹರೀಶ್ ಎಂಬ ಯುವಕನ ದೇಹ ಲಾರಿಗೆ ಸಿಕ್ಕು ಎರಡಾಯಿತು. ಸಾಯುವ ಮುನ್ನ ಆತ ಕೇಳಿಕೊಂಡದ್ದು ತನ್ನ ಅಂಗಗಳನ್ನು ದಾನ ಮಾಡಿರೆಂದು. ಸುತ್ತ ನಿಂತವರಲ್ಲಿ ಕೆಲವರ ಕೈಯಲ್ಲಿ ಮೊಬೈಲು ಕ್ಯಾಮೆರಾ ಇತ್ತು. ಅದೇ ವರ್ಷ ರಾಜ್ಯ ಸರ್ಕಾರ ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆಯ ಯೋಜನೆಗೆ ಅವನ ಹೆಸರಿಟ್ಟಿತು. ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು ಮುದ್ರೆಯೊತ್ತಿದ್ದೂ 2016ರಲ್ಲೇ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅದು ಕಾನೂನೂ ಆಯಿತು. ಆದರೂ ‘ಸಾಕ್ಷಿ ಹೇಳಲು ಅಲೆದಾಡಿಸುತ್ತಾರೆ’ ಎಂಬ ಹೆದರಿಕೆ ಊರೊಳಗೆ ಹೋಗಿಲ್ಲ. ತಂದೆತಾಯಿಗಳು ಮಕ್ಕಳಿಗೆ ‘ನಿನಗ್ಯಾಕ ಬೇಕು, ಸುಮ್ಮನ ಬಾ’ ಎಂದು ಕಲಿಸುವ ತನಕ ಹೋಗುವುದೂ ಇಲ್ಲ.

ಆ ಚಿಕ್ಕ ಬಾಟಲಿ ಮೂಲೆಗೆ ಸೇರಿತೇ? ಇಲ್ಲ. ಮಿದುಳಿನ ಬಾವು ಇಳಿಸಲು ತೀವ್ರ ನಿಗಾ ಘಟಕಗಳಲ್ಲಿ ನೂರಕ್ಕೆ 3ರ ಉಪ್ಪುನೀರನ್ನು ವೈದ್ಯರು ಬಳಸುತ್ತಾರೆ. ರಕ್ತದಲ್ಲಿ ಸೋಡಿಯಂ ತೀರ ಇಳಿದು ಫಿಟ್ಸ್ ಬಂದವರಿಗೂ ಕೊಡುತ್ತಾರೆ. ಅಲ್ಲಿ ಮೇಲಿಂದ ಮೇಲೆ ರಕ್ತ ತೆಗೆದು ಸೋಡಿಯಂ ಅಳೆಯುತ್ತ ಕೊಡುತ್ತಾರೆ. ಬಹಳ ದಿನ ಕೆಳಗಿದ್ದ ಸೋಡಿಯಂ ಒಮ್ಮೆಲೇ ಏರಿದರೆ ಮಿದುಳಿನ ತಂತುಗಳ ಹೊದಿಕೆಯೇ ಕಳಚಿ ಕೈಕಾಲು ಬೀಳುವ ಅಪಾಯವುಂಟು. ನಿಗಾ ಘಟಕದ ಗಾಜಿನಾಚೆ ನಿಂತು ನೋಡುವ ಬಂಧುಗಳಿಗೆ ಇದೆಲ್ಲ ಕಾಣುವುದಿಲ್ಲ. ಸಾಧನದಿಂದ ಒಂದೊಂದೇ ಹನಿಯಾಗಿ ಇಳಿಯುವ ಚಿಕ್ಕ ಬಾಟಲಿ ಮಾತ್ರ ಕಾಣುತ್ತದೆ. ಹೊರಬಂದ ನರ್ಸನ್ನು ನಿಲ್ಲಿಸಿ ಕೇಳುತ್ತಾರೆ: ‘ಅಕ್ಕಾರ, ಇಷ್ಟ ಸಣ್ಣ ಸಲಾಯಿನ್ ಹಚ್ಚೀರಲ್ಲ, ದೊಡ್ಡದು ಇಲ್ಲೇನ್ರಿ?’